ಡೀಸೆಲ್ಲೋ ಪೆಟ್ರೋಲೋ? ಲೆಕ್ಕ ಲೀಟರಿನಲ್ಲಿ ಹಾಕಿ

ಇಂಧನದ ಬೆಲೆ ಏರಿದ ತಿಂಗಳು ಈ ಅಂಕಣಕ್ಕೆ ಬರುವ ಪತ್ರಗಳೂ ಏರುತ್ತವೆ. ಈ ಸಲ ಬಂದವುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಪೆಟ್ರೋಲ್ ಬಿಟ್ಟು ಡೀಸೆಲ್‌ಗೆ ಹೋಗಲಾ, ಇಲ್ಲಾ ಡೀಸೆಲ್ ಬಿಟ್ಟು ಪೆಟ್ರೋಲ್‌ಗೆ ಬರಲಾ? ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಬೈಸಿಕೊಂಡವರು ಯಾರು ಅಂತ ಪಕ್ಕದ ಮನೆಯವರಿಗೆ ಗೊತ್ತಾಗಬಾರದು ಅಲ್ವಾ.

ಪ್ರಶ್ನೆ: ಸರ್, ನನ್ನದು ಮೂರು ವರ್ಷದ ಪೆಟ್ರೋಲ್ ಕಾರು. ತಿಂಗಳಿಗೆ ಸುಮಾರು 900 ಕಿಲೋಮೀಟರ್ ಓಡಿಸುತ್ತೇನೆ. ಬಂಕಿನಲ್ಲಿ ಮೀಟರ್ ತಿರುಗುವುದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಇದನ್ನು ಮಾರಿ ಡೀಸೆಲ್ ಕಾರು ತಗೊಂಡರೆ ಉಳಿತಾಯ ಆಗುತ್ತದಾ?

ಉತ್ತರ: ಆಗುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕೋಣ. ಆದರೆ ದುಡ್ಡಿನಲ್ಲಿ ಬೇಡ, ಲೀಟರಿನಲ್ಲಿ ಹಾಕೋಣ. ದುಡ್ಡಿನ ಲೆಕ್ಕ ಮುಂದಿನ ವಾರಕ್ಕೆ ಹಳಸಿಬಿಡುತ್ತದೆ.

ಒಂದೇ ಗಾತ್ರದ, ಒಂದೇ ತೂಕದ ಎರಡು ಹೊಸ ಕಾರು ಇವೆ ಅಂತಿಟ್ಟುಕೊಳ್ಳಿ. 100 ಕಿಲೋಮೀಟರ್ ಹೋಗಲು ಪೆಟ್ರೋಲ್ ಕಾರಿಗೆ 6.5 ಲೀಟರ್ ಬೇಕು, ಡೀಸೆಲ್ ಕಾರಿಗೆ 5 ಲೀಟರ್ ಸಾಕು. ಎರಡೂ ಇಂಧನದ ಬೆಲೆ ಸದ್ಯಕ್ಕೆ ಒಂದೇ ಅನ್ನೋಣ. ಆಗ ಪ್ರತಿ 100 ಕಿಲೋಮೀಟರಿಗೆ ಡೀಸೆಲ್‌ನಲ್ಲಿ ಒಂದೂವರೆ ಲೀಟರ್ ಉಳಿಯುತ್ತದೆ. ಈಗ ಕಾರಿನ ಬೆಲೆಗೆ ಬನ್ನಿ. ಡೀಸೆಲ್ ಕಾರಿಗೆ ಸಾಮಾನ್ಯವಾಗಿ ಜಾಸ್ತಿ ಕೊಡಬೇಕು. ಆ ಹೆಚ್ಚಿನ ದುಡ್ಡಿನಲ್ಲಿ 1500 ಲೀಟರ್ ಇಂಧನ ಬರುತ್ತದೆ ಅಂತಿಟ್ಟುಕೊಂಡರೆ, ಅದು ವಾಪಸ್ ಬರಲು ನೀವು ಒಂದು ಲಕ್ಷ ಕಿಲೋಮೀಟರ್ ಓಡಿಸಬೇಕು. ನೀವು ವರ್ಷಕ್ಕೆ ಓಡಿಸುವುದು 10,800. ಅಂದರೆ ಒಂಬತ್ತು ವರ್ಷ ಬೇಕು, ಅದೂ ಸರ್ವಿಸ್ ಖರ್ಚು ಬಿಟ್ಟು.

ಇದು ಹೊಸ ಕಾರು ಕೊಳ್ಳಲೆಂದೇ ಹೊರಟವರ ಕಥೆ. ನಿಮ್ಮದು ಅದಕ್ಕಿಂತ ಕಷ್ಟ, ಯಾಕೆಂದರೆ ನೀವು ಇರುವ ಕಾರನ್ನು ಮಾರಬೇಕು. ಹಳೆಯದಕ್ಕೆ ಸಿಗುವ ದುಡ್ಡಿಗೂ ಹೊಸದಕ್ಕೆ ಕೊಡುವ ದುಡ್ಡಿಗೂ ಇರುವ ಅಂತರವನ್ನು ಒಂದು ಚೀಟಿಯಲ್ಲಿ ಬರೆದು, ಅದನ್ನು ಇವತ್ತಿನ ಲೀಟರ್ ಬೆಲೆಯಿಂದ ಭಾಗಿಸಿ ನೋಡಿ, ಎಷ್ಟು ಸಾವಿರ ಲೀಟರ್ ಬರುತ್ತದೆ ಅಂತ. ನಿಮ್ಮ ಓಡಾಟದಲ್ಲಿ ಡೀಸೆಲ್‌ನಿಂದ ಉಳಿಯುವುದು ವರ್ಷಕ್ಕೆ 162 ಲೀಟರ್. ಹೆಚ್ಚೆಂದರೆ ನಾಲ್ಕು ಟ್ಯಾಂಕ್. ನಾಲ್ಕು ಟ್ಯಾಂಕ್ ಎಣ್ಣೆಗೆ ಕಾರು ಮಾರುವುದಾ?

ಪ್ರಶ್ನೆ: ಬೆಲೆ ಏರಿದಷ್ಟೂ ಡೀಸೆಲ್ ಕಾರಿಗೆ ಲಾಭ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಎರಡೂ ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಏರಿದರೆ ಮಾತ್ರ ನಿಮ್ಮ ಆಫೀಸಿನವರು ಸರಿ. ಮೇಲಿನ ಲೆಕ್ಕವನ್ನೇ ತಗೊಳ್ಳಿ. ಬೆಲೆ ಎರಡು ಪಟ್ಟಾದರೆ ಕಾರಿಗೆ ಕೊಟ್ಟ ಹೆಚ್ಚಿನ ದುಡ್ಡು 1500 ಲೀಟರಿಗೆ ಅಲ್ಲ, 750 ಲೀಟರಿಗೆ ಸಮ. ಒಂದು ಲಕ್ಷದ ಬದಲು ಐವತ್ತು ಸಾವಿರ ಕಿಲೋಮೀಟರಿಗೇ ದುಡ್ಡು ವಾಪಸ್.

ಆದರೆ ಏರುವಾಗ ಎರಡೂ ಕೈ ಹಿಡಿದುಕೊಂಡು ಏರುವುದಿಲ್ಲ. ಡೀಸೆಲ್ ಪೆಟ್ರೋಲ್‌ಗಿಂತ ಶೇ. 15ರಷ್ಟು ದುಬಾರಿ ಆಯಿತು ಅನ್ನಿ. 5 ಲೀಟರ್ ಡೀಸೆಲ್‌ಗೆ ಕೊಡುವ ದುಡ್ಡು 5.75 ಲೀಟರ್ ಪೆಟ್ರೋಲ್‌ಗೆ ಕೊಡುವ ದುಡ್ಡಿಗೆ ಸಮ ಆಗುತ್ತದೆ. ಉಳಿತಾಯ ಒಂದೂವರೆಯಿಂದ ಮುಕ್ಕಾಲು ಲೀಟರಿಗೆ ಇಳಿಯಿತು. ಒಂದು ಲಕ್ಷ ಇದ್ದದ್ದು ಎರಡು ಲಕ್ಷ ಕಿಲೋಮೀಟರ್ ಆಯಿತು! ಬರೀ ಶೇ. 15ಕ್ಕೆ ಇಷ್ಟು. ಶೇ. 30 ದುಬಾರಿಯಾದರೆ ಉಳಿತಾಯ ಪೂರ್ತಿ ಸೊನ್ನೆ, ಯಾಕೆಂದರೆ 6.5ನ್ನು 5ರಿಂದ ಭಾಗಿಸಿದರೆ ಬರುವುದು 1.3. ನಿಮ್ಮ ಕಣ್ಣಿಗೆ ಬಿದ್ದಿರುವ ಎರಡು ಕಾರುಗಳಿಗೂ ಇದೇ ಭಾಗಾಕಾರ ಮಾಡಿ. ಬರುವ ಸಂಖ್ಯೆಯೇ ನಿಮ್ಮ ಗಡಿ. ಬಂಕಿನ ಬೋರ್ಡಿನಲ್ಲಿ ಬೆಲೆ ಎಷ್ಟು ಅನ್ನುವುದಕ್ಕಿಂತ, ಡೀಸೆಲ್ ಬೆಲೆಯನ್ನು ಪೆಟ್ರೋಲ್ ಬೆಲೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಆ ಗಡಿಗೆ ಎಷ್ಟು ಹತ್ತಿರ ಬಂದಿದೆ ಅನ್ನುವುದನ್ನು ನೋಡಬೇಕು. ಈ ಒಂದು ಮಾತನ್ನು ಶೋರೂಮಿನಲ್ಲಿ ನಿಮಗೆ ಯಾರೂ ಹೇಳುವುದಿಲ್ಲ.

ಪ್ರಶ್ನೆ: ಡೀಸೆಲ್ ಯಾಕೆ ಜಾಸ್ತಿ ಮೈಲೇಜ್ ಕೊಡುತ್ತದೆ? ಮಗಳು ಕೇಳಿದಳು, ಉತ್ತರ ಗೊತ್ತಿರಲಿಲ್ಲ. ಹಾಗೆಯೇ ಗ್ಯಾಸೊಲಿನ್ ಅಂದರೆ ಯಾವುದು?

ಉತ್ತರ: ಎರಡನೆಯದು ಸುಲಭ. ಅಮೆರಿಕದವರು ಗ್ಯಾಸೊಲಿನ್ ಅನ್ನುವುದು ನಮ್ಮ ಪೆಟ್ರೋಲನ್ನೇ. ಇನ್ನೂ ಮೊಟಕು ಮಾಡಿ ಗ್ಯಾಸ್ ಅಂದುಬಿಡುತ್ತಾರೆ. ಸಿಲಿಂಡರಿನ ಗ್ಯಾಸಿಗೂ ಅದಕ್ಕೂ ಸಂಬಂಧ ಇಲ್ಲ.

ಮೊದಲನೆಯದಕ್ಕೆ ಮೂರು ಕಾರಣ. ಒಂದು, ಡೀಸೆಲ್ ಗಟ್ಟಿ ಎಣ್ಣೆ. ಒಂದು ಲೀಟರ್ ಪೆಟ್ರೋಲ್ ಸುಮಾರು 750 ಗ್ರಾಂ ತೂಗಿದರೆ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಹಾಗಾಗಿ ಲೀಟರಿಗೆ ಲೀಟರ್ ಹೋಲಿಸಿದರೆ ಅದರಲ್ಲಿ ಶೇ. 10ಕ್ಕೂ ಜಾಸ್ತಿ ಶಕ್ತಿ ಇರುತ್ತದೆ. ಇದು ಎಂಜಿನ್ನಿನ ಜಾಣತನ ಅಲ್ಲ, ಸುಮ್ನೆ ಅಳತೆಯ ಆಟ. ಇಂಧನವನ್ನು ತೂಕ ಮಾಡಿ ಮಾರುತ್ತಿದ್ದರೆ ಡೀಸೆಲ್‌ನ ಜಂಬ ಸ್ವಲ್ಪ ಇಳಿಯುತ್ತಿತ್ತು.

ಎರಡನೆಯದು ಎಂಜಿನ್ನಿನದೇ ಗುಣ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಅದು ಕೆಂಡದ ಹಾಗೆ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿ ಆಗುತ್ತದಲ್ಲ, ಮಗಳಿಗೆ ಅದನ್ನೇ ತೋರಿಸಿ. ಆ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ಪಟ್ಟು ಒತ್ತಿದರೆ ಡೀಸೆಲ್ ಎಂಜಿನ್ ಹದಿನೈದರಿಂದ ಇಪ್ಪತ್ತು ಪಟ್ಟು ಒತ್ತುತ್ತದೆ. ಒತ್ತಿದಷ್ಟೂ ಬೆಂಕಿಯಿಂದ ಸಿಗುವ ಕೆಲಸ ಜಾಸ್ತಿ. ಪೆಟ್ರೋಲನ್ನು ಅಷ್ಟು ಒತ್ತಿದರೆ ಕಿಡಿಗೆ ಕಾಯದೆ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಟಕಟಕ ಅಂತ ಬಡಿಯುತ್ತದೆ.

ಮೂರನೆಯದನ್ನು ಯಾರೂ ಹೇಳುವುದಿಲ್ಲ, ಆದರೆ ನಿಧಾನದ ಓಡಾಟದಲ್ಲಿ ಅದೇ ಮುಖ್ಯ. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರಿನ ಮೇಲೆ ಕಾಲು ಸಡಿಲ ಬಿಟ್ಟಾಗ ಗಾಳಿಯ ದಾರಿಯೇ ಮುಚ್ಚಿಕೊಳ್ಳುತ್ತದೆ. ಎಂಜಿನ್ ಪಾಪ ಅರ್ಧ ಮುಚ್ಚಿದ ಬಾಯಿಂದ ಉಸಿರೆಳೆಯಬೇಕು, ಅದಕ್ಕೇ ಒಂದಷ್ಟು ಇಂಧನ ಹೋಗುತ್ತದೆ. ಡೀಸೆಲ್‌ನಲ್ಲಿ ಗಾಳಿ ಹೆಚ್ಚುಕಮ್ಮಿ ಪೂರ್ತಿ ಒಳಗೆ ಬರುತ್ತದೆ, ಎಣ್ಣೆ ಮಾತ್ರ ಕಮ್ಮಿ ಬೀಳುತ್ತದೆ.

ರುಡಾಲ್ಫ್ ಡೀಸೆಲ್ ಅನ್ನುವ ಜರ್ಮನ್ ಎಂಜಿನಿಯರ್ ತನ್ನ ಎಂಜಿನ್ನನ್ನು 1897ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದಾಗ ಅದು ಇಂಧನದ ಶಕ್ತಿಯಲ್ಲಿ ಶೇ. 26ರಷ್ಟನ್ನು ಕೆಲಸಕ್ಕೆ ತಿರುಗಿಸಿತು. ಅವತ್ತಿನ ಉಗಿ ಎಂಜಿನ್‌ಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಇವತ್ತಿನ ಒಳ್ಳೆಯ ಡೀಸೆಲ್ ಕಾರಿನ ಎಂಜಿನ್ ಹದವಾಗಿ ಓಡುವಾಗ ಶೇ. 40 ಮುಟ್ಟುತ್ತದೆ.

ಪ್ರಶ್ನೆ: ಡೀಸೆಲ್ ಕಾರಿಗೆ ತಪ್ಪಿ ಹತ್ತು ಲೀಟರ್ ಪೆಟ್ರೋಲ್ ಹಾಕಿಸಿಬಿಟ್ಟೆ. ಇನ್ನೂ ಬಂಕಿನಲ್ಲೇ ಇದ್ದೆ. ಉಳಿದದ್ದಕ್ಕೆ ಡೀಸೆಲ್ ತುಂಬಿಸಿ ಓಡಿಸಿದೆ. ಏನೂ ಆಗಿಲ್ಲ. ಸರಿ ತಾನೇ?

ಉತ್ತರ: ಸರಿ ಅಲ್ಲ. ಇನ್ನೊಮ್ಮೆ ಹಾಗಾದರೆ ಕೀಲಿ ತಿರುಗಿಸಲೇಬೇಡಿ. ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ. ಕಾರಿನೊಳಗಿನ ಡೀಸೆಲ್ ಪಂಪಿಗೆ ಬೇರೆ ಎಣ್ಣೆ ಬಿಡುವುದಿಲ್ಲ, ಡೀಸೆಲ್‌ನ ಜಿಡ್ಡೇ ಅದಕ್ಕೆ ಎಣ್ಣೆ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಬಿಡುತ್ತದೆ. ಲೋಹಕ್ಕೆ ಲೋಹ ಉಜ್ಜಿ, ಪುಡಿ ಹೋಗಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನಲ್ಲಿ ಕೂರುತ್ತದೆ. ಈಗ ಏನೂ ಆಗಿಲ್ಲ ಅಂದರೆ ಒಳ್ಳೆಯದು, ಆದರೂ ಮೆಕ್ಯಾನಿಕ್‌ಗೆ ನಿಜ ಹೇಳಿ ಒಮ್ಮೆ ತೋರಿಸಿ. ಇದು ಉಲ್ಟಾ ಆಗುವುದು ಕಮ್ಮಿ, ಯಾಕೆಂದರೆ ಹಲವು ಕಡೆ ಡೀಸೆಲ್ ನಾಜಲ್ ದಪ್ಪ, ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಹಿಡಿಯುವುದೇ ಇಲ್ಲ.

ಪ್ರಶ್ನೆ: ಎರಡೂ ಬರುವುದು ಒಂದೇ ಕಚ್ಚಾ ಎಣ್ಣೆಯಿಂದ. ಹಾಗಿದ್ದ ಮೇಲೆ ಡೀಸೆಲ್ ಒಂದೇ ಯಾಕೆ ಕೆಲವು ಸಲ ಸರ್ರನೆ ಏರುತ್ತದೆ?

ಉತ್ತರ: ಒಳ್ಳೆಯ ಪ್ರಶ್ನೆ. ಕಚ್ಚಾ ಎಣ್ಣೆಯ ಒಂದು ಬ್ಯಾರೆಲ್ ಅಂದರೆ 159 ಲೀಟರ್. ಅದನ್ನು ಕಾಯಿಸಿದಾಗ ಹಗುರವಾದದ್ದು ಮೊದಲು ಆವಿಯಾಗಿ ಮೇಲೆ ಹೋಗುತ್ತದೆ, ಅದು ಪೆಟ್ರೋಲ್ ಪಾಲು. ಆಮೇಲೆ ಸೀಮೆಎಣ್ಣೆ, ವಿಮಾನದ ಇಂಧನ. ಅದರ ಕೆಳಗೆ ಡೀಸೆಲ್. ತಳದಲ್ಲಿ ಟಾರು. ಶುದ್ಧೀಕರಣ ಘಟಕದವರು ಈ ಪಾಲುಗಳನ್ನು ಸ್ವಲ್ಪ ಆಚೀಚೆ ಮಾಡಬಹುದು, ಆದರೆ ನಿಮಗೆ ಬೇಕು ಅಂತ ಬರೀ ಡೀಸೆಲ್ ತೆಗೆಯಲು ಆಗುವುದಿಲ್ಲ.

ಇನ್ನು ಕೊಳ್ಳುವವರು ಯಾರು ನೋಡಿ. ಪೆಟ್ರೋಲ್ ಕುಡಿಯುವುದು ಕಾರು, ಬೈಕು. ಬೆಲೆ ಏರಿದರೆ ಜನ ಭಾನುವಾರದ ಸುತ್ತಾಟ ಬಿಡುತ್ತಾರೆ. ಡೀಸೆಲ್ ಕುಡಿಯುವುದು ಲಾರಿ, ಟ್ರ್ಯಾಕ್ಟರ್, ಜನರೇಟರ್, ಗಣಿಯ ಯಂತ್ರ, ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್. ಇವು ಯಾವುವೂ ಬೆಲೆ ಏರಿತು ಅಂತ ಮನೆಯಲ್ಲಿ ಕೂರುವುದಿಲ್ಲ. 2020ರ ಜನವರಿಯಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ. 3.5ರಿಂದ 0.5ಕ್ಕೆ ಇಳಿಸಿದ ಮೇಲೆ ಹಡಗಿನವರೂ ಗಂಧಕ ಕಮ್ಮಿ ಇರುವ ಡೀಸೆಲ್‌ನಂಥ ಎಣ್ಣೆಗಾಗಿ ಇದೇ ಸಾಲಿಗೆ ಬಂದು ನಿಂತರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಪೆಟ್ಟು ಜೋರಾಗಿ ಬಿದ್ದದ್ದು ಡೀಸೆಲ್ ಮೇಲೆ, ಯಾಕೆಂದರೆ ಯುರೋಪ್ ಅಲ್ಲಿಯವರೆಗೆ ರಷ್ಯಾದಿಂದ ತುಂಬಾ ಡೀಸೆಲ್ ತರಿಸುತ್ತಿತ್ತು. 2023ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿತು.

ಅಂದಹಾಗೆ ಡೀಸೆಲ್ ಅಂದರೆ ಅಗ್ಗ ಅನ್ನುವುದು ಎಲ್ಲೆಡೆ ಇರುವ ನಿಯಮ ಅಲ್ಲ. ಎಷ್ಟೋ ದೇಶಗಳಲ್ಲಿ ಅದು ಅಗ್ಗವಾಗಿದ್ದದ್ದು ತೆರಿಗೆ ಕಮ್ಮಿ ಇದ್ದದ್ದರಿಂದ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ತೆರಿಗೆ ಡೀಸೆಲ್ ಮೇಲೇ ಜಾಸ್ತಿ, ಗ್ಯಾಲನ್‌ಗೆ 24.4 ಸೆಂಟ್ (ಗ್ಯಾಲನ್ ಅಂದರೆ ಸುಮಾರು 3.8 ಲೀಟರ್). ಪೆಟ್ರೋಲ್‌ಗೆ 18.4. 2004ರ ಆಚೆಗೆ ಅಲ್ಲಿ ಡೀಸೆಲ್ಲೇ ಬಹುಮಟ್ಟಿಗೆ ದುಬಾರಿ. ತೆರಿಗೆ ನೋಡಿ ಕಾರು ಕೊಂಡವರು ತೆರಿಗೆ ಬದಲಾದ ದಿನ ಯಾರನ್ನೂ ಬೈಯುವ ಹಾಗಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಂಡೆ. ಮಕ್ಕಳನ್ನು ಶಾಲೆಗೆ ಬಿಡುವುದು, ಅಂಗಡಿಗೆ ಹೋಗುವುದು, ಅಷ್ಟೇ. ದಿನಕ್ಕೆ ಏಳೆಂಟು ಕಿಲೋಮೀಟರ್. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡಿದೆ, ಚುಕ್ಕೆ ಚುಕ್ಕೆ ಇರುವ ಚಿತ್ರ. ಗ್ಯಾರೇಜಿನವರು ದೊಡ್ಡ ಮೊತ್ತ ಹೇಳುತ್ತಿದ್ದಾರೆ.

ಉತ್ತರ: ಮೇಡಂ, ಆ ದೀಪದ ಜೊತೆ ನನಗೂ ಹಳೇ ಪರಿಚಯ. ಬೆಲೆ ಏರಿದ ಒಂದು ವರ್ಷ ನಾನೂ ನಿಮ್ಮ ಹಾಗೆಯೇ ಹಳೇ ಡೀಸೆಲ್ ಕಾರು ತಂದೆ. ಮನೆಯಿಂದ ಕೆಲಸಕ್ಕೆ ಹತ್ತು ನಿಮಿಷದ ದಾರಿ. ಎಂಜಿನ್ ಬಿಸಿಯಾಗುವುದರೊಳಗೆ ಇಳಿದು ಹೋಗುತ್ತಿದ್ದೆ. ಎಂಟು ತಿಂಗಳಿಗೆ ಆ ದೀಪ ಬಂತು. ನೋಡಿಯೂ ನೋಡದ ಹಾಗೆ ಎರಡು ವಾರ ಓಡಿಸಿದೆ. ಆಮೇಲೆ ಕೆಂಪು ದೀಪ ಬಂತು, ಪಿಕಪ್ ಹೋಯಿತು. ಡೀಸೆಲ್‌ನಲ್ಲಿ ಉಳಿಸಿದ್ದೆಲ್ಲ ಒಂದೇ ಬಿಲ್ಲಿನಲ್ಲಿ ಹೋಯಿತು. ಗ್ಯಾರೇಜಿನವರ ತಪ್ಪೇನೂ ಇರಲಿಲ್ಲ, ತಪ್ಪು ನನ್ನದೇ.

ಆಗುವುದು ಇಷ್ಟು. ಡೀಸೆಲ್ ಹೊಗೆಯಲ್ಲಿ ಮಸಿ ಇರುತ್ತದೆ. ಈಚಿನ ಕಾರುಗಳಲ್ಲಿ ಆ ಮಸಿ ಹಿಡಿಯಲು ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಇದೆ, ಡಿಪಿಎಫ್ ಅಂತಾರೆ. ಅದು ತುಂಬಿದಾಗ ಕಾರೇ ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲದ ಓಟ ಬೇಕು. ನೀವು ನಾಲ್ಕು ಕಿಲೋಮೀಟರಿಗೇ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮರುದಿನ ಮತ್ತೆ ಶುರು, ಮತ್ತೆ ಅರ್ಧ. ಸುಡಲು ಅಂತ ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಸುಡದೆ ಜಾರಿ ಎಂಜಿನ್ ಆಯಿಲಿಗೆ ಬೆರೆಯುತ್ತದೆ, ಆಯಿಲ್ ನೀರಾಗುತ್ತದೆ. ಇದರಲ್ಲಿ ಮೈಲೇಜೂ ಹೋಯಿತು.

ದೀಪ ಇನ್ನೂ ಹಳದಿ ಇದ್ದರೆ, ಕಾರಿನ ಪುಸ್ತಕದಲ್ಲಿ ಹೇಳಿರುವ ಹಾಗೆ ಖಾಲಿ ಹೆದ್ದಾರಿಯಲ್ಲಿ ಒಂದರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ನೋಡಿ. ಬಹಳ ಸಲ ಅಷ್ಟಕ್ಕೇ ಆರುತ್ತದೆ. ಆಯಿಲ್ ಮಟ್ಟ ಮೇಲೇರಿದೆಯಾ ನೋಡಿ, ಏರಿದ್ದರೆ ಮೊದಲು ಆಯಿಲ್ ಬದಲಾಯಿಸಿ. ದುರಸ್ತಿಗೆ ದೊಡ್ಡ ಮೊತ್ತ ಹಾಕುವ ಮೊದಲು ಒಂದು ಯೋಚಿಸಿ: ನಿಮ್ಮ ಓಡಾಟ ಬದಲಾಗದಿದ್ದರೆ ಹೊಸ ಫಿಲ್ಟರೂ ಹೀಗೇ ಆಗುತ್ತದೆ. ನಿಮಗೆ ಬೇಕಾದದ್ದು ಸಣ್ಣ ಪೆಟ್ರೋಲ್ ಕಾರು.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಕಾರು. ದೊಡ್ಡದು ಲೀಟರಿಗೆ 10, ಚಿಕ್ಕದು 20 ಕಿಲೋಮೀಟರ್ ಕೊಡುತ್ತದೆ. ಎರಡೂ ಒಂದೇ ಥರ ಓಡುತ್ತವೆ. ಒಂದನ್ನು ಬದಲಾಯಿಸಬೇಕು. ದೊಡ್ಡದರ ಬದಲಿಗೆ 12 ಕೊಡುವುದು ಸಿಗುತ್ತದೆ, ಚಿಕ್ಕದರ ಬದಲಿಗೆ 24 ಕೊಡುವುದು. ನಮ್ಮ ಯಜಮಾನರು 24ರದ್ದೇ ಸರಿ, ನಾಲ್ಕು ಜಾಸ್ತಿ ಬರುತ್ತದಲ್ಲ ಅನ್ನುತ್ತಾರೆ.

ಉತ್ತರ: ಯಜಮಾನರಿಗೆ ಹೀಗೆ ತೋರಿಸಿ. ಸಾವಿರ ಕಿಲೋಮೀಟರಿಗೆ ದೊಡ್ಡ ಕಾರು ಈಗ 100 ಲೀಟರ್ ಕುಡಿಯುತ್ತದೆ. 12 ಕೊಡುವುದು ಬಂದರೆ 83. ಉಳಿದದ್ದು 17 ಲೀಟರ್. ಚಿಕ್ಕದು ಈಗ 50, ಬದಲಾಯಿಸಿದರೆ 42. ಉಳಿದದ್ದು 8. ದೊಡ್ಡದನ್ನು ಬದಲಾಯಿಸಿ. ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಅಳತೆಯೇ ಕಣ್ಣಿಗೆ ಮಣ್ಣೆರಚುವಂಥದ್ದು. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ನೋಡಿದರೆ ಜಗಳವೇ ಇರುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಸಿಗುತ್ತದಂತೆ?

ಉತ್ತರ: ಪೆಟ್ರೋಲ್ ಒಂದು ಡಿಗ್ರಿಗೆ ಸುಮಾರು ಸಾವಿರದಲ್ಲಿ ಒಂದು ಭಾಗ ಹಿಗ್ಗುತ್ತದೆ, ಅದು ನಿಜ. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದ ಒಳಗೆ. ಅಲ್ಲಿ ಬೆಳಿಗ್ಗೆ, ಮಧ್ಯಾಹ್ನ ಎಲ್ಲ ಒಂದೇ. ಮಲಗಿ ನಿದ್ದೆ ಮಾಡಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಇಳಿಸುತ್ತೇನೆ, ಡೀಸೆಲ್ ಉಳಿಯಲಿ ಅಂತ.

ಉತ್ತರ: ದಯವಿಟ್ಟು ಬಿಡಿ. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಎಣ್ಣೆ ಬರುವುದೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ಉರಿದುಕೊಂಡು ಇರಬೇಕು, ಅದಕ್ಕೆ ಎಣ್ಣೆ ಬೇಕು. ಅಂದರೆ ನೀವು ಖರ್ಚೂ ಮಾಡುತ್ತಿದ್ದೀರಿ, ಬ್ರೇಕನ್ನೂ ಕಾಯಿಸುತ್ತಿದ್ದೀರಿ. ನಿಜವಾಗಿ ಉಳಿಸಬೇಕು ಅಂದರೆ ಹೆದ್ದಾರಿಯಲ್ಲಿ 100ರ ಬದಲು 80ರಲ್ಲಿ ಹೋಗಿ. 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಟೈರಿನ ಗಾಳಿ ತಿಂಗಳಿಗೊಮ್ಮೆ ನೋಡಿ. ಡಿಕ್ಕಿಯಲ್ಲಿ ವರ್ಷದಿಂದ ಬಿದ್ದಿರುವ ಸಾಮಾನು ಇಳಿಸಿ.

ಪ್ರಶ್ನೆ: ಡೀಸೆಲ್ ಕಮ್ಮಿ ಕುಡಿಯುತ್ತದೆ ಅಂದಮೇಲೆ ಪರಿಸರಕ್ಕೂ ಒಳ್ಳೆಯದಲ್ವಾ?

ಉತ್ತರ: ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಡೀಸೆಲ್‌ನಲ್ಲಿ ಸುಮಾರು 2.7. (ಮುಕ್ಕಾಲು ಕಿಲೋ ಪೆಟ್ರೋಲಿನಿಂದ ಎರಡು ಕಿಲೋ ಮೇಲೆ ಹೇಗೆ ಬರುತ್ತದೆ ಅಂತ ಬರೆಯಬೇಡಿ, ಉಳಿದ ತೂಕ ಗಾಳಿಯ ಆಮ್ಲಜನಕದ್ದು.) ನಮ್ಮ ಹಳೇ ಲೆಕ್ಕಕ್ಕೆ ಹಾಕಿದರೆ 100 ಕಿಲೋಮೀಟರಿಗೆ ಪೆಟ್ರೋಲ್ ಕಾರು 15 ಕಿಲೋ, ಡೀಸೆಲ್ ಕಾರು 13.5 ಕಿಲೋ ಬಿಡುತ್ತದೆ. ಅಂದರೆ ಲಾಭ ಇದೆ, ಲೀಟರಿನಲ್ಲಿ ಕಾಣುವಷ್ಟು ಇಲ್ಲ. ಆದರೆ ಉಸಿರಾಟಕ್ಕೆ ಕೆಟ್ಟದಾದ ನೈಟ್ರೋಜನ್ ಆಕ್ಸೈಡ್‌ಗಳಲ್ಲಿ ಡೀಸೆಲ್‌ನ ಹೆಸರು ಚೆನ್ನಾಗಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಕಮ್ಮಿ ಮಾಡುವ ಸಾಫ್ಟ್‌ವೇರ್ ಹಾಕಿ ಸಿಕ್ಕಿಬಿದ್ದದ್ದು ಇದೇ ವಿಷಯಕ್ಕೆ. ಪ್ರಪಂಚದಲ್ಲಿ ಸುಮಾರು 1.1 ಕೋಟಿ ಕಾರುಗಳಲ್ಲಿ ಅದು ಇತ್ತು.

ಪ್ರಶ್ನೆ: ಬೆಲೆ ಇನ್ನು ಇಳಿಯುವುದೇ ಇಲ್ಲ, ಈಗಲೇ ಡೀಸೆಲ್ ತಗೋ ಅಂತ ಭಾವ ಒತ್ತಾಯ ಮಾಡುತ್ತಿದ್ದಾರೆ.

ಉತ್ತರ: ನಿಮ್ಮ ಭಾವನ ಮಾತನ್ನು 1970ರ ದಶಕದಲ್ಲಿ ಅಮೆರಿಕವೇ ಆಡುತ್ತಿತ್ತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು, 1979ರಲ್ಲಿ ಇರಾನಿನ ಕ್ರಾಂತಿಯಿಂದ ಮತ್ತೆ ಬೆಲೆ ಏರಿತು. ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ಅಲ್ಲಿನ ಕಾರು ಕಂಪನಿ ಜನರಲ್ ಮೋಟರ್ಸ್ 1978ರ ಮಾಡೆಲ್ಲಿಗೆ ಓಲ್ಡ್ಸ್‌ಮೊಬೀಲ್ ಹೆಸರಿನಲ್ಲಿ 5.7 ಲೀಟರಿನ ಡೀಸೆಲ್ ಎಂಜಿನ್ ತಂದಿತು. ಡೀಸೆಲ್‌ನ ಒತ್ತಡಕ್ಕೆ ಅದರ ಮೇಲ್ಮುಚ್ಚಳ ಬಿಗಿದಿಡುವ ಹೆಡ್ ಬೋಲ್ಟ್‌ಗಳು ತಡೆಯಲಿಲ್ಲ, ಡೀಸೆಲ್‌ಗೆ ಬೆರೆತ ನೀರನ್ನು ಬೇರ್ಪಡಿಸುವ ಸಾಧನವನ್ನೂ ಇಟ್ಟಿರಲಿಲ್ಲ. ಕಾರುಗಳು ಸಾಲುಸಾಲಾಗಿ ಕೆಟ್ಟವು. 1985ಕ್ಕೆ ಆ ಎಂಜಿನ್ ನಿಂತಿತು. ಮರುವರ್ಷವೇ ಕಚ್ಚಾ ಎಣ್ಣೆ ಬೆಲೆ ಕುಸಿಯಿತು. 2008ರ ಜುಲೈನಲ್ಲಿ ಬ್ಯಾರೆಲ್ 147 ಡಾಲರ್ ಮುಟ್ಟಿದಾಗಲೂ ಇನ್ನು ಇಳಿಯುವುದಿಲ್ಲ ಅಂದವರು ಬೇಕಾದಷ್ಟು. ಆ ವರ್ಷದ ಕೊನೆಗೆ ಅದು 40ರ ಆಸುಪಾಸಿಗೆ ಬಂತು. ಇಳಿದೇ ಇಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಕಾರು ಹತ್ತು ವರ್ಷ ಇರುತ್ತದೆ, ಬೆಲೆ ಹತ್ತು ವಾರವೂ ಒಂದೇ ಕಡೆ ಇರುವುದಿಲ್ಲ. ಊರೊಳಗಿನ ಓಡಾಟವೇ ಜಾಸ್ತಿ ಇದ್ದರೆ ಎಂಜಿನ್ ಜೊತೆ ಬ್ಯಾಟರಿಯ ಮೋಟರೂ ಇರುವ ಹೈಬ್ರಿಡ್ ಕಾರನ್ನೂ ನೋಡಿ. ನಿಂತು ನಿಂತು ಹೋಗುವಲ್ಲಿ ಅದು ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಡೀಸೆಲ್ ಸೋಲುವ ಜಾಗದಲ್ಲೇ ಅದು ಗೆಲ್ಲುವುದು.

ಪ್ರಶ್ನೆ: ನನ್ನದು ದಿನಕ್ಕೆ 150 ಕಿಲೋಮೀಟರ್, ಪೂರ್ತಿ ಹೆದ್ದಾರಿ, ತಿಂಗಳಿಗೆ 25 ದಿನ. ಇರುವ ಪೆಟ್ರೋಲ್ ಕಾರಿಗೆ ಹೇಗೂ ವಯಸ್ಸಾಯಿತು. ನನಗೂ ಬೇಡ ಅಂತೀರಾ?

ಉತ್ತರ: ಇಲ್ಲ, ನೀವು ಧಾರಾಳವಾಗಿ ಡೀಸೆಲ್ ತಗೊಳ್ಳಿ. ವರ್ಷಕ್ಕೆ 45,000 ಕಿಲೋಮೀಟರ್ ಆಯಿತು. ಮೊದಲ ಉತ್ತರದ ಆ ಒಂದು ಲಕ್ಷ ಕಿಲೋಮೀಟರನ್ನು ನೀವು ಎರಡೂಕಾಲು ವರ್ಷದಲ್ಲಿ ದಾಟುತ್ತೀರಿ. ಡೀಸೆಲ್ ಶೇ. 15 ದುಬಾರಿಯಾದರೂ ನಾಲ್ಕೂವರೆ ವರ್ಷ. ಫಿಲ್ಟರಿನ ಕಾಟವೂ ನಿಮಗಿಲ್ಲ, ದಿನಾ ಅದಕ್ಕೆ ಬೇಕಾದಷ್ಟು ಬಿಸಿ ಸಿಗುತ್ತದೆ. ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಯೂರಿಯಾ ದ್ರಾವಣ ಬೇಕಾಗುವ ಕಾರಾದರೆ ಅದರ ಖರ್ಚನ್ನೂ ಸೇರಿಸಿಕೊಳ್ಳಿ. ಎಂಜಿನ್ನಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಟೈಮಿಂಗ್ ಬೆಲ್ಟ್ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅಂತ ಕೊಳ್ಳುವ ಮೊದಲೇ ಕೇಳಿ, ನಿಮ್ಮ ಓಟಕ್ಕೆ ಅದು ಬೇಗ ಬರುತ್ತದೆ. ಮತ್ತೆ ಮೊದಲ ಒಂದು ತಿಂಗಳು ಬಂಕಿನಲ್ಲಿ ಫೋನ್ ಜೇಬಿನಲ್ಲಿಟ್ಟು, ಕಾರಿನಿಂದ ಇಳಿದು, ನಾಜಲ್ ಕಣ್ಣಾರೆ ನೋಡಿ. ಇಷ್ಟು ವರ್ಷದ ಅಭ್ಯಾಸ, ಬಾಯಲ್ಲಿ ಪೆಟ್ರೋಲ್ ಅಂತಲೇ ಬಂದುಬಿಡುತ್ತದೆ.